ಮಿತ್ರ ಕೀಟ ಬಿಟ್ಟರೂ ಹೇನು ಕಮ್ಮಿ ಆಗ್ತಿಲ್ವಾ? ಎಲ್ಲಿ ಎಡವಿದೆ ಎಂದು ಹುಡುಕುವ ಬಗೆ

ಗಿಡದ ರಸ ಹೀರುವ ಹೇನನ್ನು (ಏಫಿಡ್) ತಿನ್ನಲೆಂದು ಗುಲಗಂಜಿ ಹುಳು (ಲೇಡಿಬರ್ಡ್ ದುಂಬಿ) ತಂದು ಬಿಟ್ಟು ಹತ್ತು ದಿನವಾಯಿತು. ಕುಡಿಯಲ್ಲಿ ಹೇನು ಹಾಗೇ ಮುತ್ತಿಕೊಂಡಿದೆ, ಮೊದಲಿಗಿಂತ ಜಾಸ್ತಿಯೇ ಆದಂತಿದೆ. ಬಿಟ್ಟ ಹುಳುವಿನ ಸುಳಿವೇ ಇಲ್ಲ. "ಇದೆಲ್ಲ ಕೇಳೋಕೆ ಚೆಂದ, ಕೆಲಸಕ್ಕೆ ಬರಲ್ಲ" ಎಂದು ಕೈ ಮತ್ತೆ ಔಷಧದ ಬಾಟಲಿಯತ್ತ ಹೋಗುತ್ತದೆ. ಸ್ವಲ್ಪ ತಡೆಯಿರಿ.

ಇಷ್ಟು ವರ್ಷ ಗಿಡಗಳ ಜೊತೆ ಒದ್ದಾಡಿ ನನಗೆ ತಿಳಿದದ್ದು ಇಷ್ಟು: ಮಿತ್ರ ಕೀಟ ಕೈಕೊಟ್ಟಿತು ಎಂದು ನಾವು ಹೇಳುವಾಗ ಹೆಚ್ಚಿನ ಸಲ ಕೀಟದ ತಪ್ಪೇನೂ ಇರುವುದಿಲ್ಲ. ಗುರುತು ತಪ್ಪಿರುತ್ತದೆ, ಇಲ್ಲವೇ ಇರುವೆ ಅಡ್ಡ ಬಂದಿರುತ್ತದೆ, ಇಲ್ಲವೇ ಹಳೆಯ ಔಷಧದ ಪಸೆ ಎಲೆಯ ಮೇಲೇ ಉಳಿದಿರುತ್ತದೆ. ಯಾವುದು ಎಂದು ತಿಳಿಯಬೇಕಾದರೆ ಎಲೆ ಮಗುಚಿ ನೋಡಬೇಕು.

ನೋಡುವುದು ಹೇಗೆ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಚಿಕ್ಕ ಭೂತಗನ್ನಡಿ, ಒಂದು ಬಿಳಿ ಹಾಳೆ, ಒಂದು ಮೆದು ಕುಂಚ. ಇಷ್ಟು ಸಾಕು. ಕೀಟ ಇರುವ ಒಂದು ರೆಂಬೆಗೆ ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಅದೇ ರೆಂಬೆಯ ಹತ್ತು ಎಲೆಗಳನ್ನು ಮೂರು ದಿನಕ್ಕೊಮ್ಮೆ, ಸಾಧ್ಯವಾದಷ್ಟು ಅದೇ ಹೊತ್ತಿಗೆ, ಎರಡೂ ಬದಿ ನೋಡಿ. ಹೇನು ಎಷ್ಟು, ಬೇರೆ ಹುಳು ಏನೇನು ಎಂದು ಬರೆದಿಡಿ. ಕುಡಿಯ ಕೆಳಗೆ ಹಾಳೆ ಹಿಡಿದು ಮೆಲ್ಲಗೆ ತಟ್ಟಿದರೆ ಕಣ್ಣಿಗೆ ಬೀಳದಿದ್ದವೂ ಉದುರುತ್ತವೆ.

ಬರೆದಿಡದೆ ಕಣ್ಣಂದಾಜಿಗೆ ಬಿಟ್ಟರೆ ಮೋಸ ಹೋಗುತ್ತೀರಿ. ಇನ್ನೂರು ಹೇನು ನೂರಾದರೂ ನೋಡುವವರಿಗೆ "ತುಂಬಾ ಇದೆ" ಎಂದೇ ಕಾಣುತ್ತದೆ.

ಮೊದಲ ಅನುಮಾನ: ಮಿತ್ರನನ್ನೇ ಹೊಸಕಿ ಹಾಕಿದಿರಾ?

ಇದನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣ ಇದೆ. ನಾನೇ ಮಾಡಿದ್ದೇನೆ.

ದಾಸವಾಳದ ಗಿಡಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಎಲೆಯ ಕಂಕುಳಲ್ಲಿ ಹತ್ತಿಯಂತೆ ಬಿಳಿ ಬಿಳಿ. ಅದನ್ನು ತಿನ್ನುವ ಕ್ರಿಪ್ಟೊಲೀಮಸ್ ದುಂಬಿಗಳನ್ನು ಬಿಟ್ಟೆ. ಎರಡು ವಾರ ಕಳೆದ ಮೇಲೆ ನೋಡಿದರೆ ಇನ್ನೂ ದೊಡ್ಡ ದೊಡ್ಡ ಬಿಳಿ ತಿಗಣೆಗಳು! ಕೆಲವು ಅರ್ಧ ಇಂಚು ಉದ್ದ. ಸಿಟ್ಟು ಬಂದು ಹಳೆಯ ಹಲ್ಲುಜ್ಜುವ ಬ್ರಷ್ ತಗೊಂಡು ಒಂದೊಂದನ್ನೇ ಉಜ್ಜಿ ತೆಗೆದೆ. ಹದಿನೈದಿಪ್ಪತ್ತು ತೆಗೆದಾದ ಮೇಲೆ ಒಂದು ಹುಳು ಬ್ರಷ್ ತಾಗಿದ ಕೂಡಲೇ ಸರಸರ ಓಡಿತು. ಹಿಟ್ಟು ತಿಗಣೆ ಹಾಗೆ ಓಡುವುದಿಲ್ಲ ಅಲ್ವಾ? ಭೂತಗನ್ನಡಿ ತಂದು ನೋಡಿದಾಗ ಗೊತ್ತಾಯಿತು, ನಾನು ಅಷ್ಟು ಹೊತ್ತು ಸಾಯಿಸಿದ್ದು ಕ್ರಿಪ್ಟೊಲೀಮಸ್‌ನ ಮರಿಗಳನ್ನು.

ಆ ಮರಿಯ ಮೈಮೇಲೆ ಮೇಣದ ಬಿಳಿ ಎಳೆಗಳಿರುತ್ತವೆ. ಥೇಟ್ ಹಿಟ್ಟು ತಿಗಣೆಯದೇ ವೇಷ. ಗುರುತಿಸಲು ಎರಡು ದಾರಿ. ಒಂದು, ಗಾತ್ರ: ಹಿಟ್ಟು ತಿಗಣೆ ಸಾಮಾನ್ಯವಾಗಿ ಮೂರು ನಾಲ್ಕು ಮಿಲಿಮೀಟರಿಗೆ ನಿಲ್ಲುತ್ತದೆ, ಈ ಮರಿ ಅದರ ಎರಡು ಮೂರು ಪಟ್ಟು ಬೆಳೆಯುತ್ತದೆ, ಮೇಣದ ಎಳೆಗಳೂ ಉದ್ದ, ಕೆದರಿದಂತೆ. ಎರಡು, ಕುಂಚದ ತುದಿಯಿಂದ ಮುಟ್ಟಿ ನೋಡಿ. ಕಾಲು ಕಾಣುವಂತೆ ಚುರುಕಾಗಿ ನಡೆದರೆ ಅದು ಮಿತ್ರ. ದೊಡ್ಡ ದುಂಬಿಗೆ ಈ ವೇಷ ಇಲ್ಲ. ಕಪ್ಪು ಮೈ, ಕಿತ್ತಳೆ ತಲೆ, ಬೆನ್ನ ಮೇಲೆ ಒಂದು ಚುಕ್ಕಿಯೂ ಇಲ್ಲ.

ಹೀಗೆ ಮೋಸ ಮಾಡುವುದು ಇದೊಂದೇ ಅಲ್ಲ. ಗುಲಗಂಜಿ ಹುಳು ಎಂದರೆ ನಮಗೆ ಕೆಂಪು ಬೆನ್ನು, ಕಪ್ಪು ಚುಕ್ಕಿ. ಅದರ ಮರಿ ಹಾಗಿರುವುದಿಲ್ಲ. ಉದ್ದನೆ ಕಪ್ಪು ಮೈ, ಅಲ್ಲಲ್ಲಿ ಕಿತ್ತಳೆ ಮಚ್ಚೆ, ಆರು ಕಾಲು, ಪುಟ್ಟ ಮೊಸಳೆಯಂತೆ ಕಾಣುತ್ತದೆ. ನೋಡಿದವರು ಹೆದರಿ ಚಿವುಟಿ ಹಾಕುತ್ತಾರೆ. ಆದರೆ ಬೆಳೆದು ಕೋಶ ಕಟ್ಟುವುದರೊಳಗೆ ಆ ಒಂದು ಮರಿ ನೂರಾರು ಹೇನು ತಿನ್ನುತ್ತದೆ. ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಗುಂಪಾಗಿ, ನೆಟ್ಟಗೆ ನಿಲ್ಲಿಸಿಟ್ಟಂತೆ ಕಂಡರೆ ಮುಟ್ಟುವ ಮೊದಲು ಅಕ್ಕಪಕ್ಕ ಹೇನು ಇದೆಯಾ ನೋಡಿ. ಇದ್ದರೆ ಅದು ಗುಲಗಂಜಿಯ ಮೊಟ್ಟೆ ಇರುವ ಸಾಧ್ಯತೆ ಜಾಸ್ತಿ.

ಇದರ ತದ್ವಿರುದ್ಧದ ತಪ್ಪೂ ಆಗುತ್ತದೆ. ಬದನೆ ಗಿಡದ ಮೇಲೆ ಚುಕ್ಕಿ ಚುಕ್ಕಿಯ ದುಂಬಿಗಳು ಕಂಡವು ಎಂದು ಖುಷಿಯಿಂದ ಹಾಗೇ ಬಿಟ್ಟಿರುತ್ತೀರಿ. ವಾರದಲ್ಲಿ ಎಲೆ ಬಲೆಯಂತಾಗಿರುತ್ತದೆ, ನರ ಮಾತ್ರ ಉಳಿದಿರುತ್ತದೆ. ಅದು ಗುಲಗಂಜಿಯ ದಾಯಾದಿ, ಎಲೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕಿಯ ದುಂಬಿ. ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ. ಹೇನು ತಿನ್ನುವ ಸಾಮಾನ್ಯ ಗುಲಗಂಜಿಯ ಬೆನ್ನು ಪಾಲಿಶ್ ಮಾಡಿದಂತೆ ಹೊಳೆಯುತ್ತದೆ. ಇದರ ಬೆನ್ನು ಮಂಕು, ಮೇಲೆ ನವಿರು ಕೂದಲು. ಇದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಇವನ್ನು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ, ಮುಲಾಜು ಬೇಡ.

ಇನ್ನು ಕೆಲವನ್ನು ನೆನಪಿಡಿ. ಹೇನಿನ ಗುಂಪಿನಲ್ಲಿ ಒಂದೆರಡು ಊದಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಕಾಗದದಂತೆ ಒಣಗಿ ಕೂತಿದ್ದರೆ ಒಳಗೆ ಕಣಜದ ಮರಿ ಬೆಳೆಯುತ್ತಿದೆ. ಬೆನ್ನಲ್ಲಿ ದುಂಡು ತೂತಿದ್ದರೆ ಕಣಜ ಹೊರಬಂದಾಗಿದೆ. ಕಂಬಳಿಹುಳುವಿನ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಕಾಳಿನಂಥ ಚಿಕ್ಕ ಬಿಳಿ ಗೂಡುಗಳಿದ್ದರೆ ಅವು ಅದರ ಮೊಟ್ಟೆಗಳಲ್ಲ, ಅದನ್ನು ಒಳಗಿಂದ ತಿಂದು ಮುಗಿಸಿದ ಕಣಜಗಳ ಕೋಶಗಳು. ಆ ಹುಳು ಇನ್ನು ಬದುಕುವುದಿಲ್ಲ, ಅದರ ಪಾಡಿಗೆ ಬಿಡಿ. ಕೂದಲೆಳೆಯ ತುದಿಗೆ ಅಂಟಿಸಿದಂತೆ ಒಂದೊಂದೇ ಮೊಟ್ಟೆ ನಿಂತಿದ್ದರೆ ಅದು ಹಸಿರು ಜಾಲರೆಕ್ಕೆಯ ಕೀಟದ್ದು. ಹೇನಿನ ನಡುವೆ ಕಾಲಿಲ್ಲದ, ಜಿಗಣೆಯಂತೆ ತೆವಳುವ ಹಸಿರು ಮರಿ ಕಂಡರೆ ಅದು ಹೂನೊಣದ ಮರಿ, ಅದೂ ಹೇನು ತಿನ್ನುವುದೇ.

ಬಿಟ್ಟ ಮಾರನೇ ದಿನವೇ ಹುಳು ಮಾಯ

ಸಾಮಾನ್ಯವಾಗಿ ಇದು ಬೆಳೆದ ಗುಲಗಂಜಿಗಳನ್ನು ಮಟಮಟ ಮಧ್ಯಾಹ್ನ ಬಿಟ್ಟಾಗ ಆಗುವುದು. ಅವಕ್ಕೆ ರೆಕ್ಕೆ ಇದೆ, ಹಾರುತ್ತವೆ. ಚಳಿಗಾಲದಲ್ಲಿ ಗುಂಪಾಗಿ ಮಲಗಿದ್ದಾಗ ಬಾಚಿ ತಂದ ಗುಲಗಂಜಿಗಳಿಗಂತೂ ಎದ್ದ ಕೂಡಲೇ ದೂರ ಹಾರಿ ಹೋಗುವುದೇ ಹುಟ್ಟುಗುಣ. ಎದುರಿಗೆ ಹೇನಿನ ರಾಶಿ ಇದ್ದರೂ ಮೊದಲು ಹಾರುತ್ತವೆ, ಊಟ ಆಮೇಲೆ.

ಸಂಜೆ ಬಿಸಿಲು ಇಳಿದ ಮೇಲೆ ಬಿಡಿ. ಮೊದಲು ಗಿಡಕ್ಕೆ ನೀರು ಚಿಮುಕಿಸಿ, ಬಾಯಾರಿದ ಹುಳು ಅಲ್ಲೇ ಕುಡಿಯುತ್ತ ನಿಲ್ಲುತ್ತದೆ. ಒಂದೇ ಕಡೆ ಸುರಿಯದೆ ಹೇನು ಇರುವ ರೆಂಬೆಯ ಬುಡದಲ್ಲಿ ನಾಲ್ಕು ನಾಲ್ಕು ಬಿಡಿ, ಮೇಲಕ್ಕೆ ಹತ್ತಿಕೊಂಡು ಹೋಗುತ್ತವೆ. ನನ್ನನ್ನು ಕೇಳಿದರೆ ಬೆಳೆದ ಹುಳುಗಿಂತ ಮರಿಗಳನ್ನೇ ತರುವುದು ಮೇಲು. ರೆಕ್ಕೆ ಇಲ್ಲ, ಹಸಿವು ವಿಪರೀತ, ಎಲ್ಲಿ ಬಿಟ್ಟರೆ ಅಲ್ಲೇ ಕೆಲಸ.

ಜಾಲರೆಕ್ಕೆಯ ಮರಿಗಳಾದರೆ ಒಂದು ಎಚ್ಚರಿಕೆ. ಎದುರಿಗೆ ಹೇನು ಸಿಗದಿದ್ದರೆ ಒಂದನ್ನೊಂದು ತಿನ್ನುತ್ತವೆ. ಡಬ್ಬಿಯಲ್ಲಿ ಎರಡು ದಿನ ಇಟ್ಟು ಆಮೇಲೆ ತೆರೆದರೆ ಕೆಲವೇ ಕೆಲವು ದಪ್ಪ ಮರಿಗಳು ಸಿಗುತ್ತವೆ. ತಂದ ದಿನವೇ, ಒಂದರಿಂದೊಂದು ದೂರ ಬಿಡಿ.

ಇನ್ನೊಂದು, ತಿನ್ನಲು ಏನೂ ಇಲ್ಲದ ಗಿಡದಲ್ಲಿ ಯಾವ ಬೇಟೆಗಾರನೂ ನಿಲ್ಲುವುದಿಲ್ಲ. "ಹೇನು ಬರುವ ಮೊದಲೇ ಇರಲಿ" ಎಂದು ಗುಲಗಂಜಿ ಬಿಡುವುದು ದಂಡ.

ಹುಳು ಇದೆ, ಆದರೆ ಹೇನಿನ ಹತ್ತಿರ ಹೋಗ್ತಿಲ್ಲ

ಕಾಂಡದ ಮೇಲೆ ಇರುವೆ ಸಾಲು ಇದೆಯಾ ನೋಡಿ. ಇದ್ದರೆ ಮುಂದಿನ ಅರ್ಧ ಗಂಟೆ ಅಲ್ಲೇ ಕೂತು ನೋಡುವುದು ಲಾಭ.

ಇರುವೆ ಹೇನಿನ ಬೆನ್ನನ್ನು ಮೀಸೆಯಿಂದ ಮೆಲ್ಲಗೆ ತಟ್ಟುತ್ತದೆ, ಕರುವಿಗೆ ಬಿಟ್ಟ ಹಸುವಿನ ಕೆಚ್ಚಲು ತಟ್ಟಿದ ಹಾಗೆ. ಹೇನಿನ ಹಿಂಬದಿಯಲ್ಲಿ ಒಂದು ತೊಟ್ಟು ಸಿಹಿ ದ್ರವ ಮೂಡುತ್ತದೆ. ಇರುವೆ ಕುಡಿದು ಮುಂದಿನದಕ್ಕೆ ಹೋಗುತ್ತದೆ. ಈ ಸಿಹಿಗಾಗಿ ಇರುವೆ ಹೇನನ್ನು ಕಾಯುತ್ತದೆ. ಗುಲಗಂಜಿಯ ಮರಿ ಹತ್ತಿರ ಬಂದರೆ ಕಾಲು ಕಚ್ಚಿ ಎಳೆದು ಕೆಳಗೆ ಬೀಳಿಸುತ್ತದೆ, ಮೊಟ್ಟೆ ಕಂಡರೆ ಹೊತ್ತೊಯ್ಯುತ್ತದೆ. ಎಲೆಯ ಮೇಲೆ ಅಂಟು, ಅದರ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಇದ್ದರೆ ಈ ವ್ಯವಹಾರ ಬಹಳ ದಿನದಿಂದ ನಡೆದಿದೆ ಎಂದು ತಿಳಿಯಿರಿ.

ಪರೀಕ್ಷೆ ಸುಲಭ. ಒಂದೇ ರೀತಿ ಹೇನು ಹತ್ತಿದ ಎರಡು ಗಿಡ ಆರಿಸಿ. ಒಂದರ ಕಾಂಡಕ್ಕೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಅಥವಾ ಅಂಟು ಬಳಿಯಿರಿ. ನೇರ ತೊಗಟೆಗೆ ಬಳಿಯಬೇಡಿ, ಎಳೆ ಕಾಂಡ ಸುಡುತ್ತದೆ. ಕುಂಡವಾದರೆ ನೀರು ತುಂಬಿದ ತಟ್ಟೆಯಲ್ಲಿ ಕಲ್ಲಿಟ್ಟು ಅದರ ಮೇಲೆ ಕೂರಿಸಿ. ಇನ್ನೊಂದು ಗಿಡಕ್ಕೆ ಏನೂ ಮಾಡಬೇಡಿ. ವಾರದಲ್ಲಿ ಪಟ್ಟಿ ಕಟ್ಟಿದ ಗಿಡದಲ್ಲಿ ಹೇನು ಇಳಿದು, ಇನ್ನೊಂದರಲ್ಲಿ ಹಾಗೇ ಇದ್ದರೆ ಕಳ್ಳ ಸಿಕ್ಕಿದ.

ಪಟ್ಟಿ ಕಟ್ಟಿಯೂ ಇರುವೆ ಮೇಲೆ ಬರುತ್ತಿದ್ದರೆ ಎಲ್ಲೋ ಸೇತುವೆ ಇದೆ. ಗೋಡೆಗೆ ತಾಗಿದ ಒಂದು ಎಲೆ, ಪಕ್ಕದ ಗಿಡದ ಒಂದು ರೆಂಬೆ, ಆಸರೆಗೆ ನೆಟ್ಟ ಕೋಲು. ನನಗೊಮ್ಮೆ ಬಟ್ಟೆ ಒಣಹಾಕುವ ಹಗ್ಗ ಕೈಕೊಟ್ಟಿತ್ತು.

ಹಾಗೆಂದು ಇರುವೆ ಯಾವಾಗಲೂ ಶತ್ರು ಎಂದು ತಿಳಿಯಬೇಡಿ. ಸುಮಾರು 1,700 ವರ್ಷಗಳ ಹಿಂದೆಯೇ ಚೀನಾದ ಕಿತ್ತಳೆ ತೋಟಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಇರುವೆಗಳನ್ನು ಗೂಡು ಸಮೇತ ತಂದು ಮರಕ್ಕೆ ಕಟ್ಟುತ್ತಿದ್ದರು. ಹಣ್ಣು ಹಾಳು ಮಾಡುವ ಕೀಟಗಳನ್ನು ಅವು ಹಿಡಿಯುತ್ತಿದ್ದವು. ಮಿತ್ರ ಕೀಟ ಬಳಸಿದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಆದರೆ ಹೇನು ಮತ್ತು ಹಿಟ್ಟು ತಿಗಣೆಯ ವಿಷಯದಲ್ಲಿ ಇರುವೆಯನ್ನು ನಂಬಬೇಡಿ.

ಸತ್ತ ಹುಳುಗಳು ಎಲೆಯ ಮೇಲೋ ಬುಡದಲ್ಲೋ ಸಿಗುತ್ತಿವೆ

ಔಷಧದ ಪಸೆ. ನೀವು ಹೊಡೆದೇ ಇಲ್ಲ ಎನ್ನಬಹುದು. ಗಿಡ ತಂದ ಕಡೆ ಹೊಡೆದಿರಬಹುದು, ಪಕ್ಕದಿಂದ ಗಾಳಿಗೆ ಬಂದಿರಬಹುದು. ಸೈಪರ್ಮೆಥ್ರಿನ್ ತರಹದವು ಎಲೆಯ ಮೇಲೆ ವಾರಗಟ್ಟಲೆ ಉಳಿದು ಮಿತ್ರ ಕೀಟಗಳನ್ನು ಕೊಲ್ಲುತ್ತವೆ. ಇಮಿಡಾಕ್ಲೋಪ್ರಿಡ್ ತರಹದವು ಗಿಡದ ರಸದೊಳಗೇ ಸೇರುತ್ತವೆ. ಹೂವಿನ ಮಕರಂದಕ್ಕೂ ಪರಾಗಕ್ಕೂ ಹೋಗುತ್ತವೆ. ಹೇನು ತಿನ್ನಲು ಬಂದವಕ್ಕೂ, ಹೂವಿಗೆ ಬಂದವಕ್ಕೂ ಏಟು.

ಅನುಮಾನ ಇದ್ದರೆ ಹೀಗೆ ಮಾಡಿ. ಅನುಮಾನದ ಗಿಡದಿಂದ ಹೇನು ಸಮೇತ ಒಂದು ಎಲೆ, ಔಷಧ ಕಾಣದ ಗಿಡದಿಂದ ಇನ್ನೊಂದು ಎಲೆ. ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಒದ್ದೆ ಕಾಗದದ ಒಂದು ಚೂರು ಇಡಿ, ತಲಾ ನಾಲ್ಕೈದು ಗುಲಗಂಜಿ ಮರಿ ಬಿಡಿ. ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಲ್ಲಿಡಿ. ಮಾರನೇ ದಿನ ಒಂದು ಡಬ್ಬಿಯಲ್ಲಿ ಮರಿಗಳು ಬೆನ್ನಡಿಯಾಗಿ ಕಾಲು ನಡುಗಿಸುತ್ತ ಬಿದ್ದಿದ್ದರೆ, ಇನ್ನೊಂದರಲ್ಲಿ ಆರಾಮಾಗಿ ತಿನ್ನುತ್ತಿದ್ದರೆ, ಬೇರೆ ಸಾಕ್ಷಿ ಬೇಕಿಲ್ಲ. ಆ ಗಿಡಕ್ಕೆ ಸದ್ಯ ಹೊಸ ಹುಳು ಬಿಡಬೇಡಿ. ಕೆಲವು ವಾರ ಕಾದು ಇದೇ ಪರೀಕ್ಷೆ ಮತ್ತೆ ಮಾಡಿ.

ಔಷಧ ಮತ್ತು ಮಿತ್ರ ಕೀಟದ ಜಗಳಕ್ಕೆ ಕಿತ್ತಳೆ ತೋಟಗಳ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಮರಗಳನ್ನು ಆಸ್ಟ್ರೇಲಿಯಾ ಮೂಲದ ಒಂದು ಹತ್ತಿ ತಿಗಣೆ (ಹತ್ತಿಯಂಥ ಬಿಳಿ ಮೇಣ ಹೊತ್ತು ಮರದ ರಸ ಹೀರುವ ಕೀಟ) ಮುಗಿಸುತ್ತಾ ಬಂದಿತ್ತು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಆಸ್ಟ್ರೇಲಿಯಾಕ್ಕೆ ಹೋಗಿ ವೆಡಾಲಿಯಾ ಎಂಬ ಗುಲಗಂಜಿ ದುಂಬಿಯನ್ನು ಹುಡುಕಿ ಕಳಿಸಿದ. ಕಳಿಸಿದ್ದು ನೂರರ ಲೆಕ್ಕದಲ್ಲಿ, ಆದರೂ ಒಂದೆರಡು ವರ್ಷದೊಳಗೆ ತೋಟಗಳು ಚೇತರಿಸಿಕೊಂಡವು. 1940ರ ದಶಕದಲ್ಲಿ ಡಿಡಿಟಿ ಎಂಬ ಕೀಟನಾಶಕ ಬಂತು. ದುಂಬಿ ಸತ್ತಿತು, ಹತ್ತಿ ತಿಗಣೆ ಮತ್ತೆ ಎದ್ದಿತು. ಡಿಡಿಟಿ ನಿಲ್ಲಿಸಿ ದುಂಬಿಯನ್ನು ಮತ್ತೆ ತಂದು ಬಿಟ್ಟ ಮೇಲೇ ಅದು ತಗ್ಗಿದ್ದು.

ಬೇವಿನ ಎಣ್ಣೆ, ಸೋಪಿನ ನೀರು ಮೆದು ಎಂದು ಮಿತ್ರರ ಮೇಲೇ ಸಿಂಪಡಿಸಬೇಡಿ. ಸೋಪಿನ ನೀರು ಮೈಮೇಲೆ ಬಿದ್ದ ಮೆದು ಚರ್ಮದ ಹುಳುವನ್ನೆಲ್ಲ ಕೊಲ್ಲುತ್ತದೆ, ಮಿತ್ರ ಶತ್ರು ಎಂಬ ಭೇದ ಅದಕ್ಕಿಲ್ಲ. ಆದರೆ ಒಣಗಿದ ಮೇಲೆ ಅದರ ಬಲ ಮುಗಿಯಿತು. ಹಾಗಾಗಿ ಹೇನು ವಿಪರೀತ ಇದ್ದರೆ ಮೊದಲು ಸೋಪಿನ ನೀರಿನಿಂದ ಇಳಿಸಿ, ಒಣಗಲು ಬಿಟ್ಟು, ಒಂದೆರಡು ದಿನದ ಮೇಲೆ ಹುಳು ಬಿಡಿ. ಬೇವಿನ ಎಣ್ಣೆ ಹೊಡೆದಿದ್ದರೆ ಇನ್ನೂ ಕೆಲವು ದಿನ ಜಾಸ್ತಿ ಕಾಯಿರಿ.

ಹುಳುವೂ ಸರಿ, ಗಿಡವೂ ಸರಿ, ಜೋಡಿ ತಪ್ಪು

ಟ್ರೈಕೋಗ್ರಾಮ ಕಾರ್ಡ್ ಕಟ್ಟಿದೆ, ಕಾಯಿಕೊರಕ ಹೋಗಲಿಲ್ಲ ಎನ್ನುವವರು ಬಹಳ. ಟ್ರೈಕೋಗ್ರಾಮ ಅರ್ಧ ಮಿಲಿಮೀಟರ್ ಆಸುಪಾಸಿನ ಕಣಜ. ಕಾರ್ಡ್ ಎಂದರೆ ಆ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದ. ಅದು ಚಿಟ್ಟೆ, ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳು ಹೊರಬಂದು ಕಾಯಿ ಕೊರೆಯತೊಡಗಿದ ಮೇಲೆ ಅದಕ್ಕೆ ಮಾಡಲು ಏನೂ ಕೆಲಸ ಇಲ್ಲ. ಪತಂಗಗಳು ಹಾರಾಡಲು ಶುರುವಾದ ಕೂಡಲೇ ಕಾರ್ಡ್ ಕಟ್ಟಬೇಕು, ವಾರಕ್ಕೊಮ್ಮೆ ಮತ್ತೆ ಕಟ್ಟಬೇಕು. ಎಲೆಯ ಅಡಿಯಲ್ಲಿ, ನೆರಳಲ್ಲಿ, ಸಂಜೆ. ಬಿಸಿಲಿಗೆ ಬಿದ್ದರೆ ಒಳಗೇ ಬೇಯುತ್ತವೆ, ಇರುವೆ ಕಂಡರೆ ಕಾರ್ಡನ್ನೇ ಬರಿದು ಮಾಡುತ್ತದೆ. ಕೆಲಸ ಆಗಿದೆಯಾ ಎಂದು ತಿಳಿಯಲು ನಾಲ್ಕೈದು ದಿನ ಬಿಟ್ಟು ಗಿಡದ ಮೇಲಿನ ಪತಂಗದ ಮೊಟ್ಟೆಗಳನ್ನು ನೋಡಿ. ಇಡೀ ಮೊಟ್ಟೆ ಕಪ್ಪಾಗಿ ತಿರುಗಿದ್ದರೆ ಒಳಗೆ ಕಣಜ ಇದೆ.

ಬಣ್ಣ ನೋಡುವ ಈ ಉಪಾಯ ಬಿಳಿನೊಣಕ್ಕೂ ಬರುತ್ತದೆ. 1926ರಲ್ಲಿ ಇಂಗ್ಲೆಂಡಿನ ಒಬ್ಬ ಟೊಮೆಟೊ ಬೆಳೆಗಾರನಿಗೆ ತನ್ನ ಹಸಿರುಮನೆಯಲ್ಲಿ ಬಿಳಿನೊಣದ ಬಿಳಿ ಮರಿಗಳ ನಡುವೆ ಕೆಲವು ಕಪ್ಪು ಮರಿಗಳು ಕಂಡವು. ಕಪ್ಪಾಗಿಸಿದ್ದು ಎನ್ಕಾರ್ಸಿಯಾ ಎಂಬ ಕಣಜ. ಇಂದಿಗೂ ಹಸಿರುಮನೆಗಳಲ್ಲಿ ಅದನ್ನೇ ಬಿಡುತ್ತಾರೆ, ಕಪ್ಪು ಮರಿ ಎಷ್ಟು ಎಂದೇ ಎಣಿಸುತ್ತಾರೆ.

ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಬಿಳಿಚುಕ್ಕಿ, ಅಡಿಯಲ್ಲಿ ನವಿರು ಬಲೆ ಇದ್ದರೆ ಅದು ಕೆಂಪು ನುಸಿ. ಅದರ ಬೇಟೆಗಾರ ಫೈಟೊಸೀಯುಲಸ್ ಕೂಡ ನುಸಿಯೇ, ಎಂಟು ಕಾಲಿನದು, ಲೆಕ್ಕದ ಪ್ರಕಾರ ಕೀಟವೇ ಅಲ್ಲ. ಅದಕ್ಕೆ ಗಾಳಿಯಲ್ಲಿ ತೇವ ಬೇಕು. ಒಣ ಹವೆಯಲ್ಲಿ ಮೊಟ್ಟೆ ಒಡೆಯುವುದಿಲ್ಲ, ಆದರೆ ಕೆಂಪು ನುಸಿಗೆ ಅದೇ ಒಣ ಹವೆ, ಅದೇ ಧೂಳು ಹಬ್ಬ. ಎಲೆಯ ಅಡಿಗೆ ನೀರು ಚಿಮ್ಮಿಸಿ ಧೂಳು ತೊಳೆಯುವುದೇ ಇಲ್ಲಿ ಅರ್ಧ ಚಿಕಿತ್ಸೆ.

ಸೂರ್ಯನ ಕುದುರೆ ಬಗ್ಗೆ ಕೇಳುವವರಿಗೆ: ನೋಡೋಕೆ ಚೆಂದ. ಹೇನಿಗೆ ಉಪಯೋಗ ಇಲ್ಲ. ಕೈಗೆ ಸಿಕ್ಕಿದ್ದನ್ನು, ಜೇನುನೊಣವನ್ನೂ ತಿನ್ನುತ್ತದೆ.

ಎಲ್ಲ ಸರಿ ಇದ್ದರೂ ನಿಧಾನ

ಬೆಚ್ಚಗಿನ ದಿನಗಳಲ್ಲಿ ಹೇನು ಹುಟ್ಟಿದ ವಾರ ಹತ್ತು ದಿನಕ್ಕೆ ಮರಿ ಹಾಕತೊಡಗುತ್ತದೆ. ಗಂಡೂ ಬೇಕಿಲ್ಲ, ಮೊಟ್ಟೆಯೂ ಬೇಕಿಲ್ಲ, ನೇರ ಮರಿ. ಗುಲಗಂಜಿ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ವಾರ ಬೇಕು. ಹಾಗಾಗಿ ಮೊದಲ ಎರಡು ವಾರ ಹೇನು ಏರುವುದು ಸಹಜ. ಆ ಹೊತ್ತಿಗೆ ನಿಮ್ಮ ಪುಸ್ತಕದಲ್ಲಿ ಮರಿ, ಮೊಟ್ಟೆ, ಕಂದು ಹೇನುಗಳ ಲೆಕ್ಕವೂ ಏರುತ್ತಿದ್ದರೆ ಸುಮ್ನೆ ಕಾಯಿರಿ. ಹೇನು ಮಾತ್ರ ಏರುತ್ತಿದ್ದು ಇನ್ನೇನೂ ಕಾಣದಿದ್ದರೆ ಮೇಲಿನ ಕಾರಣಗಳಿಗೆ ವಾಪಸ್ ಹೋಗಿ.

ಯೂರಿಯಾ ಜಾಸ್ತಿ ಹಾಕಿದ್ದೀರಾ? ಕಡು ಹಸಿರು, ಮೆತ್ತಗಿನ ಕುಡಿ ಹೇನಿಗೆ ಮದುವೆ ಊಟ. ಎಷ್ಟು ಗುಲಗಂಜಿ ಬಿಟ್ಟರೂ ಸಾಲದು. ಗೊಬ್ಬರ ಕಮ್ಮಿ ಮಾಡಿ.

ಪ್ರತಿ ಸಲ ಬಿಡಬೇಕಾಗಿ ಬರುತ್ತಿದೆ

ತೋಟದಲ್ಲಿ ಹೂವಿಲ್ಲ ಎಂದರ್ಥ. ಜಾಲರೆಕ್ಕೆಯ ಕೀಟ, ಹೂನೊಣ, ಚಿಕ್ಕ ಕಣಜ, ಇವುಗಳ ಮರಿಗಳಿಗೆ ಹೇನೋ ಹುಳುವೋ ಬೇಕು, ಆದರೆ ಬೆಳೆದವಕ್ಕೆ ಮಕರಂದ, ಪರಾಗ ಬೇಕು. ಅವುಗಳ ಬಾಯಿ ಚಿಕ್ಕದು, ಆಳದ ಹೂವಿಗೆ ನಿಲುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಗಳನ್ನು ಒಂದು ಸಾಲು ಕೀಳದೆ ಹೂವಿಗೆ ಬಿಡಿ. ಹೂಬಿಟ್ಟ ಕೊತ್ತಂಬರಿ ಹತ್ತಿರ ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ ನಿಂತು ನೋಡಿ. ಜೇನುನೊಣದಂತೆ ಪಟ್ಟೆ ಇದ್ದು, ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ನೊಣ ಕಂಡರೆ ಅದೇ ಹೂನೊಣ. ಅದನ್ನು ತರಬೇಕಾಗಿಲ್ಲ, ತಾನೇ ಬರುತ್ತದೆ.

ಕೈಬಿಡುವ ಹೊತ್ತು

ಕುಡಿ ಸುರುಳಿಯಾಗಿ ಮುದುಡಿ ಒಳಗೆ ಹೇನು ತುಂಬಿದ್ದರೆ, ಅಥವಾ ಎಲೆಗಳು ಹಳದಿ-ಹಸಿರು ಮಚ್ಚೆಯಾಗಿ ನಂಜು (ವೈರಸ್) ರೋಗ ಹತ್ತಿದ್ದರೆ, ಮಿತ್ರ ಕೀಟ ಕಾಯುತ್ತ ಕೂರಬೇಡಿ. ನಂಜು ಹತ್ತಿದ ಗಿಡವನ್ನು ಬೇರು ಸಮೇತ ಕಿತ್ತು ಹೊರಗೆ ಹಾಕಿ. ಹೇನು ಮಾತ್ರ ಇದ್ದರೆ ಮುದುಡಿದ ಕುಡಿ ಕತ್ತರಿಸಿದರೆ ಸಾಕು.

ಕತ್ತರಿಸಿದ್ದನ್ನು ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಊದಿದ ಕಂದು ಹೇನುಗಳಿದ್ದ ಎಲೆಗಳನ್ನು ಮಾತ್ರ ಆರಿಸಿ, ಜೀವಂತ ಹೇನನ್ನು ಕುಂಚದಿಂದ ಗುಡಿಸಿ ತೆಗೆದು, ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಲ್ಲಿಡಿ. ಒಂದು ವಾರದ ಆಸುಪಾಸಿನಲ್ಲಿ ಬಾಟಲಿಯ ಒಳಗೋಡೆ ಮೇಲೆ ಎಳ್ಳಿಗಿಂತ ಚಿಕ್ಕ ಕರಿ ಕಣಜಗಳು ಓಡಾಡುತ್ತಿರುತ್ತವೆ. ಸಂಜೆ ಹೇನಿರುವ ಇನ್ನೊಂದು ಗಿಡದ ಬುಡದಲ್ಲಿ ಬಾಟಲಿ ಮಲಗಿಸಿ ಬಟ್ಟೆ ಬಿಚ್ಚಿ.